ಸಹಾಯ ಬೇಕು: ನೇರ ಮಾರಾಟದ ಕಂಪನಿಗೆ ಸೇರುವ ಮುನ್ನ ಏನನ್ನು ಪರಿಶೀಲಿಸಬೇಕು?

ವಿರಾಜಪೇಟೆಯ ಬಳಿ ಸಣ್ಣ ಕಾಫಿ ತೋಟ ನೋಡಿಕೊಂಡಿರುವ ನಮಗೆ, ಪ್ರೋಟೀನ್ ಪುಡಿ, ಸೋಪನ್ನು ಅಂಗಡಿಯಿಲ್ಲದೆ ಸದಸ್ಯರ ಮೂಲಕವೇ ಮಾರುವ ನೇರ ಮಾರಾಟದ ಕಂಪನಿಯೊಂದನ್ನು ಸೇರುವಂತೆ ಬಂಧುಗಳಿಂದಲೇ ಒತ್ತಾಯ ಬರುತ್ತಿದೆ. ಬಂಧುಗಳಾದ್ದರಿಂದ ಮುಖ ಮುರಿದಂತೆ ಬೇಡವೆನ್ನಲೂ ಆಗದು. ಸೇರ್ಪಡೆ ಶುಲ್ಕವಿಲ್ಲ ಎನ್ನುತ್ತಾರೆ, ಆದರೆ ಮೊದಲು 15,000 ರೂಪಾಯಿಯ ಸರಕು ಕೊಳ್ಳದಿದ್ದರೆ ಐಡಿ ಚಾಲೂ ಆಗುವುದಿಲ್ಲವಂತೆ.

ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದರ ನೋಂದಣಿ ಇದೆ. ನೋಂದಣಿಯಾದ ಮಾತ್ರಕ್ಕೆ ವ್ಯವಹಾರ ಸರಿಯೆಂದಾಗದು. 2021ರ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು ಪಿರಮಿಡ್ ಯೋಜನೆಯನ್ನೂ (ಹೊಸಬರನ್ನು ಸೇರಿಸಿದ್ದಕ್ಕೇ ಮೇಲಿನವರಿಗೆ ಲಾಭ ಸಿಗುವ ಸರಪಳಿ) ಹಣ ಚಲಾವಣೆ ಯೋಜನೆಯನ್ನೂ (ಹೊಸ ಸದಸ್ಯರ ಸೇರ್ಪಡೆಯನ್ನು ನಂಬಿ ಸುಲಭ ಹಣದ ಆಸೆ ತೋರಿಸುವುದು) ನಿಷೇಧಿಸುತ್ತವೆ ಎಂಬುದನ್ನು ಓದಿಕೊಂಡು ಕಂಪನಿಯ ವರಮಾನದ ಚಾರ್ಟನ್ನು ನೋಡಿದಾಗ, ನಮ್ಮ ಕೆಳಗೆ ಎಡಕ್ಕೊಬ್ಬರು, ಬಲಕ್ಕೊಬ್ಬರು ಸೇರಿ ಜೋಡಿ ಕೂಡಿದಾಗಲೆಲ್ಲ ಸಿಗುವ ಕಮಿಷನ್ನಿನ ವಿವರಣೆ ಪುಟ ತುಂಬಾ ಇದ್ದರೆ, ಪುಡಿಯ ಡಬ್ಬಿಯನ್ನು ಹೊರಗಿನ ಗಿರಾಕಿಗೆ ಮಾರಿದರೆ ಉಳಿಯುವುದೆಷ್ಟು ಎಂಬುದಕ್ಕೆ ಕೊನೆಯಲ್ಲಿ ಒಂದೇ ಸಾಲು ಇತ್ತು. ಕಮಿಷನ್ ಬರುವುದು ಜನರನ್ನು ಸೇರಿಸಿದ್ದಕ್ಕಲ್ಲ, ಅವರು ಕೊಂಡ ಸರಕಿಗೆ ಎಂಬುದು ಬಂಧುಗಳ ಸಮರ್ಥನೆ.

ನನ್ನ ಗೊಂದಲವಿರುವುದು ಇಲ್ಲಿಯೇ. ಸೇರುವವರೇ ಕಡ್ಡಾಯವಾಗಿ ಕೊಳ್ಳುವ ಸರಕು ನಿಜವಾದ ಮಾರಾಟವೆನಿಸುತ್ತದೆಯೇ, ಅಥವಾ ಅದು ಬೇರೆ ಹೆಸರಿನ ಪ್ರವೇಶ ಶುಲ್ಕವೇ? ಸಹಿ ಹಾಕುವ ಮೊದಲು ಒಪ್ಪಂದಪತ್ರದಲ್ಲಿ, ವಿಶೇಷವಾಗಿ ಮಾರಾಟವಾಗದ ಸರಕನ್ನು ಹಿಂತಿರುಗಿಸುವ ಕುರಿತು, ಯಾವ ಷರತ್ತುಗಳು ಇರಲೇಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸುವಿರಾ?