ಮಾಡರ್ನ್ ಆರ್ಟ್‌ನಲ್ಲಿ ಮೂಗು ಸೊಟ್ಟ ಆಗಿದ್ದು ಯಾವಾಗ?

ಪ್ರಶ್ನೆ: ಭಾನುವಾರ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯ ಆರ್ಟ್ ಗ್ಯಾಲರಿಗೆ ಹೋಗಿದ್ದೆವು. ಒಂದು ಚಿತ್ರದ ಮುಂದೆ ನಿಂತ ಮಗಳು, "ಅಪ್ಪಾ, ಇವರಿಗೆ ಮೂಗು ಬಿಡಿಸೋಕೆ ಬರಲ್ವಾ?" ಅಂದಳು. ನಾನು ಸುಮ್ನೆ ತಲೆ ಕೆರೆದುಕೊಂಡೆ. ಇದೆಲ್ಲ ಎಲ್ಲಿಂದ ಶುರುವಾಯಿತು?

ಉತ್ತರ 1: ಕ್ಯಾಮೆರಾದಿಂದ. 1839ರಿಂದ ಇದ್ದದ್ದನ್ನು ಇದ್ದಂತೆ ತೋರಿಸಲು ಯಂತ್ರ ಇತ್ತು, ಚಿತ್ರಕಾರರೂ ಅದನ್ನೇ ಮಾಡಬೇಕಾಗಿರಲಿಲ್ಲ, ಅಲ್ವಾ?

ಉತ್ತರ 2: ಅದೊಂದೇ ಅಲ್ಲ. ಮೊದಲು ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ತೂತು ಮಾಡಿದರೆ ಒಣಗುತ್ತಿತ್ತು. 1841ರಲ್ಲಿ ತವರದ ಟ್ಯೂಬ್ ಬಂತು. ಕ್ಲಾಡ್ ಮೊನೆಯಂಥ ಫ್ರೆಂಚ್ ಚಿತ್ರಕಾರರು ಅದನ್ನು ಹಿಡಿದು ಹೊಳೆ ದಂಡೆಗೆ ಹೋದರು. ಅವರ 1874ರ ಪ್ಯಾರಿಸ್ ಪ್ರದರ್ಶನ ನೋಡಿ ವಿಮರ್ಶಕನೊಬ್ಬ ಗೇಲಿ ಮಾಡಿದ. ಆ ಗೇಲಿಯೇ ಅವರ ಶೈಲಿಗೆ 'ಇಂಪ್ರೆಷನಿಸಂ' (ಆ ಕ್ಷಣ ಕಣ್ಣಿಗೆ ಕಂಡದ್ದನ್ನು ಬಿಡಿಸೋದು) ಅಂತ ಹೆಸರಾಯಿತು! ಮೂಗು ಸೊಟ್ಟ ಆಗಿದ್ದು ಮುಖ್ಯವಾಗಿ 1907ರಲ್ಲಿ, ಪಿಕಾಸೊ ಕೈಯಲ್ಲಿ. ಹದಿನೈದು ವರ್ಷಕ್ಕೇ ಅವನು ನೀಟಾಗಿ ಮೂಗು ಬಿಡಿಸುತ್ತಿದ್ದ.

ಪ್ರಶ್ನೆ ಕೇಳಿದವನು: ಮಗಳಿಗೆ ಓದಿ ಹೇಳಿದೆ. "ಬೇಕಂತಲೇ ಮಾಡಿದ್ದಾ!" ಅಂತ ನನ್ನ ಮೂಗನ್ನೇ ಸೊಟ್ಟ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ.