ಐಇ 6ರಲ್ಲಿ (ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಎಂಬ ಹಳೆಯ ಬ್ರೌಸರ್) ವೆಬ್ ಪುಟದ ಬಲಗಡೆಯ ಕಾಲಂ ಕೆಳಗೆ ಬೀಳುತ್ತಿದೆ

ಪ್ರಶ್ನೆ:
ಹೊರಗಿನ ಡಿವ್ (ಕಾಲಂಗಳನ್ನು ಒಳಗೊಂಡ ಚೌಕಟ್ಟು) 600 ಪಿಕ್ಸೆಲ್ ಅಗಲ. ಎಡ ಕಾಲಂ 180, ಅದಕ್ಕೆ ಮಾರ್ಜಿನ್-ಲೆಫ್ಟ್ (ಎಡಗಡೆಯ ಹೊರ ಅಂತರ) 20. ಬಲ ಕಾಲಂ 400. ಎರಡಕ್ಕೂ ಫ್ಲೋಟ್ ಲೆಫ್ಟ್ (ಎಡಕ್ಕೆ ಸರಿಸಿ ಅಕ್ಕಪಕ್ಕ ನಿಲ್ಲಿಸುವ ಸೂಚನೆ). ಫೈರ್‌ಫಾಕ್ಸ್‌ನಲ್ಲಿ ಅಕ್ಕಪಕ್ಕ ನಿಲ್ಲುತ್ತವೆ, ಐಇ 6ರಲ್ಲಿ ಇಲ್ಲ. ಅಗಲ ಕಡಿಮೆ ಮಾಡದೆ ಸರಿಪಡಿಸಬಹುದೇ?

ಉತ್ತರ 1:
ಖಂಡಿತ. ಫ್ಲೋಟ್ ಯಾವ ಕಡೆಗಿದೆಯೋ ಅದೇ ಕಡೆಯ ಮಾರ್ಜಿನ್ ಅನ್ನು ಐಇ 6 ಇಮ್ಮಡಿ ಮಾಡುತ್ತದೆ, ಅದೂ ಸಾಲಿನ ಮೊದಲ ಫ್ಲೋಟ್‌ಗೆ ಮಾತ್ರ. ನಿಮ್ಮ 20 ಅಲ್ಲಿ 40 ಆಗಿ ಒಟ್ಟು 620 ತಲುಪುತ್ತದೆ. ಜಾಗ ಸಾಲದೆ ಬಲ ಕಾಲಂ ಜಾರುತ್ತದೆ. ಎಡ ಕಾಲಂಗೆ ‘ಡಿಸ್‌ಪ್ಲೇ: ಇನ್‌ಲೈನ್’ ಸೇರಿಸಿ. ಫ್ಲೋಟ್ ಆದದ್ದು ಹೇಗೂ ಬ್ಲಾಕ್ (ತನ್ನದೇ ಅಗಲವಿರುವ ಪೆಟ್ಟಿಗೆ) ಆಗಿಯೇ ಇರುವುದರಿಂದ ಬೇರೆ ಬ್ರೌಸರ್‌ಗಳಿಗೆ ತೊಂದರೆಯಿಲ್ಲ.

ಉತ್ತರ 2:
ಮೇಲಿನದು ಸರಿ. ಆದರೆ ಕಾಲಂಗಳಿಗೆ ಪ್ಯಾಡಿಂಗ್ (ಒಳ ಅಂತರ) ಇದ್ದರೆ ಇನ್ನೊಂದನ್ನೂ ನೋಡಿಬಿಡಿ: ಪುಟದ ಬಗೆಯನ್ನು ಹೇಳುವ ಡಾಕ್‌ಟೈಪ್‌ಗಿಂತ ಮೊದಲು ಎಕ್ಸ್‌ಎಂಎಲ್ ಘೋಷಣೆಯ ಸಾಲು ಇದೆಯೇ? ಇದ್ದರೆ ಐಇ 6 ಹಳೆಯ ಬ್ರೌಸರ್‌ಗಳ ಲೆಕ್ಕಾಚಾರ ಅನುಸರಿಸುವ ಕ್ವರ್ಕ್ಸ್ ಮೋಡ್‌ಗೆ ಹೋಗಿ ಪ್ಯಾಡಿಂಗ್, ಬಾರ್ಡರ್‌ಗಳನ್ನು ಅಗಲದೊಳಗೇ ಲೆಕ್ಕ ಹಾಕುತ್ತದೆ. ಕಾಲಂ ಕಿರಿದಾಗಿ ಕಾಣುತ್ತದೆ. ಆ ಸಾಲನ್ನು ತೆಗೆದುಹಾಕಿ. ಡಾಕ್‌ಟೈಪ್ ಕಡತದ ಮೊದಲ ಸಾಲೇ ಆಗಿರಲಿ.

ಪ್ರಶ್ನೆ ಕೇಳಿದವರು:
ಇನ್‌ಲೈನ್ ಸೇರಿಸಿದ ಕೂಡಲೇ ಕಾಲಂ ಮೇಲೆ ಬಂತು. ಎಕ್ಸ್‌ಎಂಎಲ್ ಸಾಲು ಇರಲಿಲ್ಲ. ಇಬ್ಬರಿಗೂ ಧನ್ಯವಾದ.