ಚಿತ್ರಕಲೆಯನ್ನು ಬೇರೆ ಪಾಠಗಳ ಜೊತೆ ಸೇರಿಸಿ ಕಲಿಸಿದವರು ಇದ್ದೀರಾ? ಅನುಭವ ಹೇಳಿ

ಹೊಸ ಟೀಚರ್: ಐದನೇ ತರಗತಿಗೆ ಚಿತ್ರಕಲೆ ಕಲಿಸುತ್ತೇನೆ. 42 ಮಕ್ಕಳು, ವಾರಕ್ಕೆ ಒಂದೇ ಪೀರಿಯಡ್. ವಿಜ್ಞಾನ, ಭೂಗೋಳದವರ ಜೊತೆ ಸೇರಿ ಆರು ವಾರ ‘ನೀರು’ ಅನ್ನೋ ಒಂದೇ ವಿಷಯ ಮಾಡೋಣ ಅಂತಿದೆ. ಮಾಡಿದವರು ಹೇಗಾಯ್ತು ಹೇಳಿ.

ಗಣಿತದ ಮೇಷ್ಟ್ರು: ನಾನು ಮಾಡಿದ್ದು ಗಣಿತದ ಜೊತೆ. ಸಂದಿಲ್ಲದೆ ಹಾಳೆ ತುಂಬಿಸುವ ವಿನ್ಯಾಸ. ಸಮಬಾಹು ತ್ರಿಕೋನ, ಚೌಕ, ಷಟ್ಕೋನ ಸಲೀಸಾಗಿ ಕೂತವು. ಆಮೇಲೆ ಬೇಕಂತಲೇ ಪಂಚಕೋನ ಕೊಟ್ಟೆ. ಒಂದು ಮೂಲೆ 108 ಡಿಗ್ರಿ, ಮೂರು ಸೇರಿದರೆ 324. ಉಳಿದ 36 ಡಿಗ್ರಿ ಸಂದನ್ನು ಮುಚ್ಚಲು ಒಬ್ಬಳು ಹುಡುಗಿ ತುಂಡುಗಳನ್ನು ಬೆರಳಲ್ಲಿ ಒತ್ತುತ್ತಲೇ ಇದ್ದಳು. ಕೊನೆಗೆ ಆ ಸಂದಿಗೇ ಕಡು ಕೆಂಪು ಬಳಿದಳು. ಇಡೀ ತರಗತಿಯಲ್ಲಿ ಅದೇ ಒಳ್ಳೆ ಚಿತ್ರ! ಮಗುವಿಗೆ 24 ರಟ್ಟಿನ ತುಂಡು, 38 ಮಕ್ಕಳು, ಒಟ್ಟು 912. ಎಲ್ಲವನ್ನೂ ನಾನೇ ಕತ್ತರಿಸಿದೆ. ಎರಡು ಭಾನುವಾರ ಹೋಯ್ತು, ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು. ಆದರೂ ಮತ್ತೆ ಮಾಡುತ್ತೇನೆ.

17 ವರ್ಷದಿಂದ ಚಿತ್ರಕಲೆ: ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ. ನಾವೂ ‘ನೀರು’ ಅಂತಲೇ ಶುರು ಮಾಡಿದ್ದು. ಮೊದಲ ವಾರ ಗಾಜಿನ ಲೋಟದ ನೀರಲ್ಲಿ ಪೆನ್ಸಿಲ್ ಇಟ್ಟು, ನೋಡಿ ಬಿಡಿಸಿ ಅಂದೆ. ಪೆನ್ಸಿಲ್ ಮುರಿದ ಹಾಗೆ ಕಾಣುತ್ತದಲ್ಲ, ಮಕ್ಕಳು ಬಗ್ಗಿ ಬಗ್ಗಿ ನೋಡಿದರು. ಎರಡನೇ ವಾರ ವಿಜ್ಞಾನದವರಿಗೆ ಜಲಚಕ್ರದ ಚಾರ್ಟ್ ಬೇಕಾಯ್ತು. ಅಲ್ಲಿಂದ ಎಲ್ಲರ ಹಾಳೆಯಲ್ಲೂ ಅದೇ ಬೆಟ್ಟ, ಅದೇ ಮೋಡ, ಅದೇ ಬಾಣ. ನಾಲ್ಕು ವಾರ, 160 ಹಾಳೆ, ನೀಲಿ ಡಬ್ಬಗಳೆಲ್ಲ ಖಾಲಿ. ಅಂಕ ಕೊಡುವಾಗ ಬಾಣ ಸರಿ ಇದೆಯಾ ಅಂತ ನೋಡಿದರು. ಗೆರೆ ಯಾರೂ ನೋಡಲಿಲ್ಲ. ನನ್ನ ಪೀರಿಯಡ್ ಸುಮ್ನೆ ಚಾರ್ಟ್ ಮಾಡುವ ಕಾರ್ಖಾನೆ ಆಯ್ತು.

ವಿಜ್ಞಾನದ ಟೀಚರ್: ಮೇಡಂ, ತಪ್ಪೆಲ್ಲ ನಮ್ಮ ತಲೆಗೆ ಕಟ್ಟಬೇಡಿ. ನಾನು ಬೆಳಕಿನ ಪಾಠದಲ್ಲಿ ಕೆಂಪು ಟಾರ್ಚ್, ಹಸಿರು ಟಾರ್ಚ್ ಒಂದೇ ಕಡೆ ಬಿಟ್ಟು ಹಳದಿ ತೋರಿಸಿದೆ. ಮಾರನೇ ದಿನ ಚಿತ್ರಕಲೆ ಸರ್ ಪೀರಿಯಡ್‌ನಲ್ಲಿ ಮಕ್ಕಳು ಅವೇ ಎರಡು ಬಣ್ಣ ಕಲೆಸಿದರು. ಬಂದಿದ್ದು ಕೆಸರಿನಂಥ ಕಂದು. ‘ಮಿಸ್ ಸುಳ್ಳು ಹೇಳಿದರು’ ಅಂದರು! ಬೆಳಕಿಗೆ ಬೆಳಕು ಕೂಡುತ್ತದೆ, ಬಣ್ಣಕ್ಕೆ ಬಣ್ಣ ಬೆರೆಸಿದರೆ ಅದು ಬೆಳಕನ್ನು ಇನ್ನೂ ಜಾಸ್ತಿ ಹೀರುತ್ತದೆ. ಇದನ್ನು ಬಿಡಿಸಿ ಹೇಳಲು ನನಗೆ ಎರಡು ಪೀರಿಯಡ್ ಹಿಡಿಯಿತು. ಸರ್ ಒಂದು ಮಾತು ಆಡಲಿಲ್ಲ. ಇನ್ನೂ ಕೆಂಪು, ಹಳದಿ, ನೀಲಿನೇ ಮೂಲಬಣ್ಣ ಅಂತ ಕಲಿಸುತ್ತೀರಲ್ಲ, ಪ್ರಿಂಟರ್ ಒಳಗೆ ಒಮ್ಮೆ ನೋಡಿ. ಸಯಾನ್ (ಹಸಿರು ಬೆರೆತಂಥ ನೀಲಿ), ಮಜೆಂಟಾ (ನೇರಳೆ ಬೆರೆತಂಥ ಗುಲಾಬಿ), ಹಳದಿ.

17 ವರ್ಷದಿಂದ ಚಿತ್ರಕಲೆ: ಮಗುವಿನ ಬಣ್ಣದ ಡಬ್ಬದಲ್ಲಿ ಮಜೆಂಟಾ ಎಲ್ಲಿದೆ ತೋರಿಸಿ. ಇರುವ ಬಣ್ಣದಲ್ಲೇ ತಾನೇ ಕಲಿಸಬೇಕು? ಪ್ರಿಂಟರ್ ಬೇರೆ, ಕುಂಚ ಬೇರೆ.

ಗಣಿತದ ಮೇಷ್ಟ್ರು: ಮೇಡಂ, ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ ಅಲ್ವಾ?

17 ವರ್ಷದಿಂದ ಚಿತ್ರಕಲೆ: ಸರ್, ನಿಮ್ಮ 912 ತುಂಡು ನೀವೇ ಕತ್ತರಿಸಿದಿರಿ. ಕತ್ತರಿ ಹಿಡಿಯೋದು ಮಕ್ಕಳು ಯಾವಾಗ ಕಲಿಯಬೇಕು?

ಗಣಿತದ ಮೇಷ್ಟ್ರು: ಮಕ್ಕಳು ಕತ್ತರಿಸಿದರೆ ಅಂಚು ಎರಡು ಮಿಲಿಮೀಟರ್ ಆಚೀಚೆ ಆಗುತ್ತದೆ. ಆಮೇಲೆ ಚೌಕವೂ ಕೂರಲ್ಲ!

ಹೊಸ ಟೀಚರ್: ಮೇಡಂ, ಆ ಲೋಟದ ಚಿತ್ರಗಳು ಇನ್ನೂ ಇವೆಯಾ?

17 ವರ್ಷದಿಂದ ಚಿತ್ರಕಲೆ: ಇವೆ. ಒಂದನ್ನೂ ಬಿಸಾಡಿಲ್ಲ.